ಗಾಳಿಯೊಳಗಿನ ನೀರು

ಖಾನಾಪುರ
೧೭ ಜುಲೈ ೧೯೮೮

ಮೀರಾಸಾಬ ಕಾಕಾ ಅವರಿಗೆ ಕಲ್ಲಯ್ಯನ ನಮಸ್ಕಾರಗಳು.

ನನ್ನ ಅಕ್ಷರ ನೋಡಿ ಬೇಸರ ಮಾಡಿಕೊಳ್ಳಬೇಡಿರಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆಮೇಲೆ ಸೀಮೆಸುಣ್ಣ ಹಿಡಿದದ್ದು ತಗಡಿನ ಮೇಲೆ ಗೆರೆ ಹಾಕಲಿಕ್ಕೆ ಮಾತ್ರ. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಒತ್ತಕ್ಷರ ಎಲ್ಲಿ ತಪ್ಪಿದೆ ಎಂದು ನನಗೇ ಗೊತ್ತಾಗುವುದಿಲ್ಲ. ನೀವು ಕನ್ನಡ ಓದುವುದಿಲ್ಲ, ಫಕ್ರುನ್ನಿಸಾ ಅಕ್ಕ ಓದಿ ಹೇಳುತ್ತಾರೆ. ಅಕ್ಕ, ತಪ್ಪು ಇದ್ದಲ್ಲಿ ತಿದ್ದಿಕೊಂಡು ಓದಿರಿ. ಆದರೆ ಮಾತು ಯಾವುದನ್ನೂ ಬಿಡಬೇಡಿರಿ.

ಕಾಕಾ, ನಾನು ಹೇಳದೆ ಬೆಳಗಾವಿ ಬಿಟ್ಟು ಬಂದೆ. ಬರುವ ದಿನ ಬೆಳಿಗ್ಗೆ ನಿಮ್ಮ ಮನೆಯ ಮುಂದೆ ಎರಡು ಸಲ ಹಾದುಹೋದೆ. ಹಿತ್ತಲಿನ ಶೆಡ್ಡಿನಲ್ಲಿ ನೀವು ಏನನ್ನೋ ಬಡಿಯುವ ಸಪ್ಪಳ ಕೇಳುತ್ತಿತ್ತು. ಒಳಗೆ ಬರಲು ಕಾಲು ಏಳಲಿಲ್ಲ. ಕೋಟೆಯ ಕಂದಕದ ಬದಿಗೆ ಸ್ವಲ್ಪ ಹೊತ್ತು ನಿಂತು ಬಸ್‌ಸ್ಟ್ಯಾಂಡಿಗೆ ಹೋದೆ.

ನಾಲ್ಕು ವರ್ಷ ಹಗಲೆಲ್ಲ ಗ್ರಿಲ್ ಅಂಗಡಿಯಲ್ಲಿ ದುಡಿದು ಸಂಜೆ ನಿಮ್ಮ ಶೆಡ್ಡಿಗೆ ಬರುತ್ತಿದ್ದೆ. ಅಲ್ಲಿ ನೀವು ಹೊಟ್ಟೆಗಾಗಿ ಕೆಲಸ ಮಾಡುತ್ತಿರಲಿಲ್ಲ, ನಾನೂ ಕೂಲಿಗಾಗಿ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಆ ಪ್ಲಾಸ್ಮಾ ಮಶೀನನ್ನು ನೀವು ಲಿಲಾವಿನಲ್ಲಿ ಕೊಂಡು ಕೈಗಾಡಿಯಲ್ಲಿ ತಂದ ದಿನ ಹಿಂದಿನಿಂದ ನೂಕಿದವನು ನಾನೇ. ಅಂದು ನೀವು ಹೇಳಿದ್ದು ನೆನಪಿದೆ. "ಗ್ಯಾಸಿಲೆ ಸ್ಟೀಲ್ ಕೊರಿಯಾಕ ಬರಂಗಿಲ್ಲೋ ಬೇಟಾ. ಇದು ಗಾಳಿಲೆ ಕೊರೀತೈತಿ. ತಾಮ್ರದ ಮೂಗಿನ್ಯಾಗಿಂದ ಜೋರ್ಲೆ ಗಾಳಿ ಬಿಡೂದು, ಅದಕ್ಕ ಕರೆಂಟಿನ ಕಿಡಿ ಹಚ್ಚೂದು. ಗಾಳಿನ ಬೆಂಕಿ ಆಕ್ಕೈತಿ." ನಾನು ನಂಬಿರಲಿಲ್ಲ. ಅದನ್ನು ರಿಪೇರಿ ಮಾಡಲು ನಮಗೆ ಎರಡು ವರ್ಷ ಹಿಡಿಯಿತು. ಮೊದಲ ಸಲ ಅದು ಸರಿಯಾಗಿ ಉರಿದಾಗ ನೀವು ಅಡುಗೆಮನೆಯಿಂದ ಊಟದ ತಾಟು ತಂದು ಎರಡು ಹೋಳು ಮಾಡಿದಿರಿ. ಶಾಹಜಾನಬಿ ಕಾಕಿ ಸೆರಗು ಬಾಯಿಗಿಟ್ಟು ನಕ್ಕರು. "ಅಯ್ಯ, ಇನ್ನ ನಿಮಗ ಅರ್ಧಾ ತಾಟಿನ್ಯಾಗ ಅರ್ಧಾ ರೊಟ್ಟೀನ ಹಾಕ್ತೀನ್ರಿ!" ಅಂದರು. ಆ ಮಳೆಗಾಲದಲ್ಲೇ ಅವರು ಹೋದರು.

ಅವರ ಹೆಸರಿನಲ್ಲಿ ದರ್ಗಾದ ಕಿಟಕಿಗೆ ಒಂದೇ ಸ್ಟೀಲ್ ತಗಡಿನಲ್ಲಿ ಹನ್ನೆರಡು ಹೂವಿನ ಜಾಳಿಗೆ ಕೊರೆದು ಕೊಡುತ್ತೇನೆ ಎಂದು ನೀವು ಹರಕೆ ಹೊತ್ತದ್ದು ನನಗೂ ಹರಕೆಯೇ ಆಗಿತ್ತು. ಹೂವಿನ ಗೆರೆ ಹಾಕಿದ್ದು ನಾನು.

ಆ ದಿನ, ಜೂನ್ ಹತ್ತೊಂಬತ್ತು, ರವಿವಾರ. ಓಣಿಯ ಮಂದಿ ನೋಡಲು ಬಂದಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಬಂದು, ಗಾಳಿ ಒತ್ತಿ ತುಂಬುವ ಕಂಪ್ರೆಸರಿನ ಟ್ಯಾಂಕಿನ ತಳದಲ್ಲಿ ನಿಂತ ನೀರು ಬಿಡುವ ನಳ ತೆರೆದೆ. ದಿನವೂ ತೆರೆಯುತ್ತಿದ್ದ ಹಾಗೆಯೇ. ನೀರು ಹೋಗಿ ಬರೀ ಗಾಳಿ ಬರುವ ತನಕ ತೆರೆದಿಟ್ಟು ಮುಚ್ಚಿದೆ. ಆರು ಹೂವು ಬೆಣ್ಣೆಯಂತೆ ಕೊರೆದಿರಿ. ಏಳನೆಯದಕ್ಕೆ ಬೆಂಕಿ ಉಗುಳತೊಡಗಿತು. ತಾಮ್ರದ ಮೂಗು ಸುಟ್ಟಿತು. ಹೊಸದು ಹಾಕಿದಿರಿ, ಅದೂ ಸುಟ್ಟಿತು. ಹೂವಿನ ಎಸಳು ಇಲಿ ಕಡಿದ ಹಾಗಾಯಿತು, ತಗಡು ಕೆಟ್ಟಿತು. ನೀವು ಟೊಪ್ಪಿಗೆ ತೆಗೆದು ನನ್ನ ಕಡೆ ತಿರುಗಿದಿರಿ.

"ನಳ ತಗದಿದ್ದೇನ?"

ನಾನು ಹೌದೆಂದು ತಲೆ ಆಡಿಸಿದೆ. ನೀವು ಬಗ್ಗಿ ನಳ ತೆರೆದಿರಿ. ನೀರು ಧಾರೆಯಾಗಿ ಬಂತು. ಎಲ್ಲರೂ ನೋಡಿದರು.

"ನೋಡ್ರಿ. ಇದು ಒಂದ ಮುಂಜಾನಿ ನೀರೇನ್ರಿ? ವಾರಗಟ್ಲೆ ತಗದಿಲ್ಲ ಇಂವ. ದಿನಾ ತಗದೀನಿ ತಗದೀನಿ ಅಂತ ಸುಳ್ಳ ಹೇಳ್ಯಾನ. ನನ್ನ ಹೆಂಡತಿ ಜಾಳಿಗಿ ಇದು. ಸುಳ್ಳಬುರುಕಾ."

ಕಾಕಾ, ನಾನು ಆಗ ಮಾತಾಡಬೇಕಿತ್ತು. ಮಂದಿಯ ಮುಂದೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಅಷ್ಟು ನೀರು ಎಲ್ಲಿಂದ ಬಂತು ಎಂದು ನನಗೂ ತಿಳಿಯಲಿಲ್ಲ. ನೀರನ್ನು ನೋಡುತ್ತ ಸುಮ್ಮನೆ ನಿಂತೆ. ಸುಮ್ಮನೆ ನಿಂತದ್ದೇ ಒಪ್ಪಿಕೊಂಡ ಹಾಗಾಯಿತು.

ಮಾರನೆಯ ದಿನದಿಂದ ಗ್ರಿಲ್ ಅಂಗಡಿಯಲ್ಲಿ ನನ್ನ ಹೆಸರು ನೀರಪ್ಪ. "ಏ ನೀರಪ್ಪ, ಬಚ್ಚಲ ನಳಾನೂ ಹಂಗ ಬಿಟ್ಟಿದ್ದೀ ಏನೋ?" ಎಂದು ನಗುತ್ತಿದ್ದರು. ಇಲ್ಲಿ ಖಾನಾಪುರದಲ್ಲಿ ಗುರುಪುತ್ರಪ್ಪನವರ ಕಪಾಟಿನ ಕಾರ್ಖಾನೆಗೆ ಸೇರಿದ್ದೇನೆ. ಕಬ್ಬಿಣದ ಕಪಾಟಿಗೆ ಗನ್ನಿನಿಂದ ಬಣ್ಣ ಹೊಡೆಯುವ ಕೆಲಸ. ಅವರು ಸಾಮಾನಿಗೆ ಬೆಳಗಾವಿಗೆ ಬರುವವರು. ಮೊದಲ ದಿನವೇ ಕೇಳಿದರು, "ನೀ ಆ ನೀರಪ್ಪ ಅಲ್ಲೇನು? ಕೆಲಸಾ ಮಾಡು. ಆದರ ನನ್ನ ಕಂಪ್ರೆಸರಿನ ನಳಾ ಮುಟ್ಟಬ್ಯಾಡ. ಅದನ್ನ ಕಸಾ ಹೊಡಿಯೋ ಕಾಶವ್ವ ತಗೀತಾಳ."

ನನಗೆ ಬೇರೆ ಏನೂ ಬೇಡ. ನಾನು ಆ ಬೆಳಿಗ್ಗೆ ನಳ ತೆರೆದಿದ್ದೆ. ನೀವು ಅದೇ ಹಿತ್ತಲಲ್ಲಿ, ಅದೇ ಮಂದಿಯ ಮುಂದೆ, ಕಲ್ಲಯ್ಯ ಸುಳ್ಳು ಹೇಳಿಲ್ಲ ಎಂದು ಒಂದು ಮಾತು ಹೇಳಿರಿ. ಅಷ್ಟೇ.

ನಿಮ್ಮ
ಕಲ್ಲಯ್ಯ


ಬೆಳಗಾವಿ
೬ ಆಗಸ್ಟ್ ೧೯೮೮

ತಮ್ಮ ಕಲ್ಲಯ್ಯನಿಗೆ ಫಕ್ರುನ್ನಿಸಾ ಮಾಡುವ ಆಶೀರ್ವಾದ.

ನಿನ್ನ ಕಾಗದ ಮುಟ್ಟಿ ಎರಡು ವಾರ ಆಯಿತು. ಅಬ್ಬಾಗೆ ಓದಿ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಅರ್ಧ ತಾಟಿನ ಮಾತು ಬಂದಾಗ ಮುಖ ಆ ಕಡೆ ಮಾಡಿದರು. ಕೊನೆಯ ತನಕ ಕೇಳಿದರು. ಆಮೇಲೆ ಅಂದದ್ದು ಇಷ್ಟೇ. "ಅಂವ ಸುಳ್ಳ ಹೇಳಬಹುದು, ನಾ ಸುಳ್ಳ ಹೇಳಬಹುದು. ನೀರು ಸುಳ್ಳ ಹೇಳತೈತೇನು?"

ಹೊಸ ತಗಡು ತಂದಿದ್ದಾರೆ. ಈಗ ನಳ ತಾವೇ ತೆರೆಯುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆದರೂ ತಾಮ್ರದ ಮೂಗುಗಳು ಸುಡುತ್ತಿವೆ. ಚೂರು ತಗಡಿನ ಮೇಲೆ ಎರಡು ಗೆರೆ ಚೆನ್ನಾಗಿ ಕೊರೆಯುತ್ತಾರೆ, ದೊಡ್ಡ ಕೆಲಸ ಹಿಡಿದರೆ ಕೆಡುತ್ತದೆ. ಹೊಸ ತಗಡಿಗೆ ಇನ್ನೂ ಕೈ ಹಚ್ಚಿಲ್ಲ. ನಿನ್ನ ಹಳೆಯ ಅಂಗಿಯಿಂದ ಮಶೀನಿನ ಎಣ್ಣೆ ಒರೆಸುತ್ತಾರೆ. ಅದನ್ನು ಎತ್ತಿಡಬೇಕು ಎಂದುಕೊಂಡಿದ್ದೆ, ಅಷ್ಟರಲ್ಲಿ ಕಪ್ಪಾಗಿತ್ತು.

ಅಲ್ಲಿ ಮಳೆ ಜೋರು ಎಂದು ಕೇಳಿದ್ದೇನೆ. ಹುಷಾರಾಗಿ ಇರು.

ಫಕ್ರುನ್ನಿಸಾ


ಖಾನಾಪುರ
೨೮ ಆಗಸ್ಟ್ ೧೯೮೮

ಕಾಕಾ ಅವರಿಗೆ ನಮಸ್ಕಾರಗಳು.

ನೀರು ಸುಳ್ಳು ಹೇಳುವುದಿಲ್ಲ. ಹೌದು. ಅದಕ್ಕೇ ನೀರನ್ನೇ ಕೇಳಿದೆ.

ಇಲ್ಲಿ ಮೂರು ವಾರದಿಂದ ಬಿಸಿಲು ಕಂಡಿಲ್ಲ. ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ನಾನು ಬಣ್ಣ ಹೊಡೆದ ಕಪಾಟಿನ ಮೇಲೂ ಗುಳ್ಳೆ ಏಳತೊಡಗಿತು. ಗನ್ನಿನಿಂದ ಬಣ್ಣದ ಜೊತೆಗೆ ನೀರಿನ ಹನಿ ಬರುತ್ತಿತ್ತು. ಗುರುಪುತ್ರಪ್ಪನವರು ನನ್ನ ಕಡೆ ನೋಡಿ, ಆಮೇಲೆ ಕಾಶವ್ವನ ಕಡೆ ನೋಡಿದರು. ಅವಳು ನಳ ತೆರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಕಾಶವ್ವ ನಲವತ್ತು ದಾಟಿದ ಹೆಂಗಸು. ಕಸ ಹೊಡೆಯುತ್ತಾಳೆ, ಕಪಾಟಿಗೆ ಪಾಲಿಶ್ ಕಾಗದ ತಿಕ್ಕುತ್ತಾಳೆ. ನಾನು ನಳ ಮುಟ್ಟುವಂತಿಲ್ಲವಲ್ಲ, ಆದ್ದರಿಂದ ಅವಳನ್ನೇ ಕರೆದೆ. ಬೆಳಿಗ್ಗೆ ನಳ ತೆರೆಸಿ ಟ್ಯಾಂಕು ಪೂರ್ತಿ ಖಾಲಿ ಮಾಡಿಸಿದೆ. ಕಂಪ್ರೆಸರನ್ನು ನಿಲ್ಲಿಸದೆ ಎರಡು ತಾಸು ಓಡಿಸಿ ಮತ್ತೆ ತೆರೆಸಿದೆ. ನಾನು ಕೆಳಗೆ ಲೋಟ ಹಿಡಿದೆ.

ಲೋಟ ತುಂಬಿತು, ಕಾಕಾ. ಎರಡೇ ತಾಸಿನಲ್ಲಿ.

"ಅಯ್ಯಯ್ಯ! ಎಲ್ಲಿಂದ ಬಂತರೀ ಇದು?" ಎಂದಳು ಕಾಶವ್ವ.

"ಗಾಳಿಯೊಳಗಿಂದ."

"ಹಂಗಾರ ನಳಕ್ಕ ಪಾಳಿ ಹಚ್ಚೂದ್ಯಾಕ? ನಮ್ಮ ಓಣಿಗೂ ಒಂದ ಇಂಥಾ ಮಶೀನ ಇಡಸರಿ!"

ಮಳೆಗಾಲದ ಗಾಳಿಯಲ್ಲಿ ಅಷ್ಟು ನೀರಿರುತ್ತದೆ. ಅದನ್ನು ಟ್ಯಾಂಕಿಗೆ ಒತ್ತಿ ತುಂಬಿದಾಗ ನೀರು ಹಿಂಡಿಕೊಂಡು ಬೀಳುತ್ತದೆ. ಆ ರವಿವಾರ ನೀವು ಎರಡು ತಾಸಿನ ಮೇಲೆ ಎಡೆಬಿಡದೆ ಕೊರೆದಿರಿ. ನೀವು ಮಂದಿಗೆ ತೋರಿಸಿದ್ದು ವಾರದ ನೀರಲ್ಲ, ಆ ಎರಡು ತಾಸಿನ ನೀರು.

ಇನ್ನೊಂದು ಮಾತು. ಗಾಳಿಯೊಳಗಿನ ನೀರು ಸೋಸುವ ಗಾಜಿನ ಬಟ್ಟಲು ಒಣಗಿತ್ತು ಎಂದು ಆ ದಿನ ನೀವು ಮಂದಿಗೆ ತೋರಿಸಿದಿರಲ್ಲ, ಅದನ್ನು ನಾವು ಟ್ಯಾಂಕಿನ ಬಾಯಿಗೇ ಕೂಡಿಸಿದ್ದೆವು. ಅಲ್ಲಿ ಗಾಳಿ ಕುದಿಯುವ ಹಾಗೆ ಬಿಸಿಯಾಗಿರುತ್ತದೆ. ಚಹಾ ಕುದಿಯುವಾಗ ಪಾತ್ರೆಯ ಬಾಯಿಯಲ್ಲಿ ನೀರು ಕಾಣುವುದಿಲ್ಲ, ಒಂದು ಗೇಣು ಮೇಲೆ ತಣ್ಣನೆಯ ತಾಟು ಹಿಡಿದರೆ ಹನಿ ಕೂಡುತ್ತದೆ. ಹಾಗೆಯೇ ಬಿಸಿ ಗಾಳಿ ನೀರನ್ನು ಬಚ್ಚಿಟ್ಟುಕೊಂಡು ಬಟ್ಟಲು ದಾಟಿ ಹೋಗುತ್ತದೆ. ಮುಂದೆ ರಬ್ಬರ್ ಪೈಪಿನಲ್ಲಿ ತಣ್ಣಗಾಗಿ, ತಾಮ್ರದ ಮೂಗಿಗೆ ಬಂದು ಬೆಂಕಿಯಲ್ಲಿ ಉಗುಳುತ್ತದೆ. ಚೂರು ತಗಡು ಕೊರೆಯುವಾಗ ಟ್ಯಾಂಕು ತಣ್ಣಗಿರುತ್ತದೆ, ಅದಕ್ಕೇ ಆಗ ಕೆಡುವುದಿಲ್ಲ.

ಹೀಗೆ ಮಾಡಿರಿ. ಟ್ಯಾಂಕಿನಿಂದ ಇಪ್ಪತ್ತು ಫೂಟು ಕಬ್ಬಿಣದ ಪೈಪು ಎಳೆಯಿರಿ, ಹೋಗುತ್ತ ಏರಿರಲಿ, ನೀರು ತಿರುಗಿ ಟ್ಯಾಂಕಿನ ಕಡೆಗೇ ಇಳಿಯಲಿ. ಅದರ ಮುಂದೆ ತಾಮ್ರದ ನಳಿಗೆ ಸುತ್ತಿ ತಣ್ಣೀರಿನ ಪೀಪಾಯಿಯಲ್ಲಿ ಮುಳುಗಿಸಿರಿ. ಗಾಳಿ ತಣ್ಣಗಾದ ಮೇಲೆ, ಕೊನೆಗೆ, ಸೋಸುವ ಬಟ್ಟಲು. ಎಣ್ಣೆ ಹಿಡಿಯಲು ಅದರ ಮುಂದೆ ಒಂದು ಹಿಡಿ ಅರಳೆ. ಅದೂ ಆದ ಮೇಲೆ ಒಂದು ದಪ್ಪ ಪೈಪಿನ ತುಂಡಿನಲ್ಲಿ ನೀಲಿ ಹರಳು ತುಂಬಿರಿ. ನೆಹರು ನಗರದಲ್ಲಿ ಕಾಲೇಜಿನ ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಉಳಿದ ಪಸೆಯನ್ನು ಅದು ಕುಡಿಯುತ್ತದೆ. ಕುಡಿದು ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಹುರಿದ ಹಂಚಿನಲ್ಲಿ ರೊಟ್ಟಿ ಮಾಡಬೇಡಿರಿ.

ಇಲ್ಲಿ ನಾನು ಹಾಗೆಯೇ ಮಾಡಿದ್ದೇನೆ. ನಾಲ್ಕು ದಿನಕ್ಕೊಮ್ಮೆ ಹರಳು ಹುರಿಯುತ್ತೇನೆ. "ಗಾಳಿ ಹುರದ ಆತೇನೋ? ಇನ್ನ ಒಗ್ಗರಣಿ ಕೊಡು" ಎನ್ನುತ್ತಾರೆ ಗುರುಪುತ್ರಪ್ಪನವರು. ಬಣ್ಣದ ಮೇಲೆ ಈಗ ಒಂದು ಗುಳ್ಳೆಯೂ ಇಲ್ಲ. ಆದರೂ ನಳ ಮುಟ್ಟಲು ಬಿಟ್ಟಿಲ್ಲ. "ಅದು ಬ್ಯಾರೆ ಮಾತು" ಎನ್ನುತ್ತಾರೆ.

ತಪ್ಪು ನಿಮ್ಮದು ಎಂದು ನಾನು ಹೇಳುತ್ತಿಲ್ಲ. ಬಟ್ಟಲನ್ನು ಅಲ್ಲಿ ಕೂಡಿಸಿದ್ದು ಇಬ್ಬರೂ ಸೇರಿ. ನನ್ನದಲ್ಲದ್ದು ಒಂದೇ, ಆ ನಳದ ಸುಳ್ಳು. ಅದೊಂದನ್ನು ನನ್ನ ಮೇಲಿಂದ ತೆಗೆಯಿರಿ.

ಕಲ್ಲಯ್ಯ


ಬೆಳಗಾವಿ
೯ ಅಕ್ಟೋಬರ್ ೧೯೮೮

ತಮ್ಮ ಕಲ್ಲಯ್ಯನಿಗೆ,

ತಡವಾಯಿತು. ಏನು ಬರೆಯಬೇಕು ಎಂದು ತಿಳಿಯಲಿಲ್ಲ.

ನಿನ್ನ ಕಾಗದ ಓದಿದಾಗ ಅಬ್ಬಾ ಎದ್ದು ಹೋದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, "ಆ ಪೈಪಿಂದು ಬರದಾನಲ್ಲ, ಅಷ್ಟ ಓದು" ಅಂದರು. ಓದಿದೆ. ಸಂಜೆ ಮತ್ತೆ ಓದಿಸಿದರು. ಮೂರನೆಯ ಸಲ ಓದಿಸುವಾಗ ಬೆರಳಿನಿಂದ ನೆಲದ ಮೇಲೆ ಪೈಪಿನ ಗೆರೆ ಎಳೆಯುತ್ತಿದ್ದರು. ಲೋಟದ ಮಾತನ್ನು ಮಾತ್ರ ಒಮ್ಮೆಯೂ ಮತ್ತೆ ಓದಿಸಲಿಲ್ಲ.

ಆ ವಾರವೇ ಪೈಪು ತಂದರು. ಪೀಪಾಯಿ ತಂದರು. ನೀಲಿ ಹರಳು ತಂದು, ಅಮ್ಮಿಯ ಹಳೆಯ ಹಂಚನ್ನು ಕೇಳದೆ ತೆಗೆದುಕೊಂಡರು. ಈಗ ಹೂವುಗಳು ಹೇಗೆ ಬರುತ್ತಿವೆ ಎಂದರೆ, ಎಸಳಿನ ಅಂಚಿಗೆ ಬೆರಳು ಎಳೆದರೆ ಚುಚ್ಚುವುದಿಲ್ಲ. ಒಂಬತ್ತು ಹೂವು ಆಗಿವೆ.

"ಕಲ್ಲಯ್ಯನ ಮಾತು ಖರೇ ಆತಲ್ಲ ಅಬ್ಬಾ" ಎಂದು ಕೇಳಿದೆ. "ನಾ ಮೊದಲ ಹಂಗ ಮಾಡಾಂವ ಇದ್ದೆ. ಪೈಪ ಸಿಕ್ಕಿರಲಿಲ್ಲ" ಅಂದರು.

ನವೆಂಬರ್ ಹದಿನೆಂಟರ ಶುಕ್ರವಾರ ನಮಾಜಿನ ನಂತರ ಜಾಳಿಗೆ ಕೂಡಿಸುತ್ತಾರೆ. ಅಬ್ಬಾ ನಿನ್ನನ್ನು ಕರೆ ಎಂದು ಹೇಳಿಲ್ಲ. ಸುಳ್ಳು ಬರೆಯಲಾರೆ. ನಾನು ಕರೆಯುತ್ತಿದ್ದೇನೆ. ಆ ದಿನ ಬಂದಿದ್ದ ಮಂದಿಯೇ ಅಂದೂ ಬರುತ್ತಾರೆ.

ಫಕ್ರುನ್ನಿಸಾ


ಖಾನಾಪುರ
೨೦ ನವೆಂಬರ್ ೧೯೮೮

ಮೀರಾಸಾಬ ಕಾಕಾ ಅವರಿಗೆ,

ನಾನು ಬಂದಿದ್ದೆ. ನೀವು ನೋಡಿದಿರಿ. ಆದರೂ ಬರೆಯುತ್ತೇನೆ, ಏಕೆಂದರೆ ಆ ದಿನವೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮ ಒಂದು ಮಾತಿಗೆ ಏನು ಉತ್ತರ ಕೊಡಬೇಕು ಎಂದು ಯೋಚಿಸಿದೆ. "ಇರಲಿ ಬಿಡ್ರಿ ಕಾಕಾ" ಎನ್ನಬೇಕು ಎಂದುಕೊಂಡಿದ್ದೆ. ಅಷ್ಟು ಸಾಕು ಎಂದುಕೊಂಡಿದ್ದೆ.

ಜಾಳಿಗೆ ಚೆನ್ನಾಗಿದೆ. ಹನ್ನೆರಡು ಹೂವೂ ಹಳೆಯ ತಗಡಿಗೆ ನಾನು ಹಾಕಿದ ಗೆರೆಯಂತೆಯೇ ಇವೆ. ಬಿಸಿಲು ಅದರೊಳಗಿಂದ ಹಾಯ್ದು ನೆಲದ ಮೇಲೆ ಬಿದ್ದಿತ್ತು. ನಾನು ಚಪ್ಪಲಿ ಬಿಡುವ ಕಡೆ ನಿಂತಿದ್ದೆ. ಯಾರೋ ಕೇಳಿದರು, "ಹ್ಯಾಂಗ ಮಾಡಿದ್ರಿ ಮೀರಾಸಾಬ? ಹೋದ ಸಲ ಕೆಟ್ಟಿತ್ತಲ್ರಿ?"

ನೀವು ಹೇಳಿದ್ದು ನನಗೆ ಒಂದೊಂದು ಅಕ್ಷರ ನೆನಪಿದೆ.

"ಗಾಳಿಯೊಳಗ ನೀರ ಇರತೈತ್ರಿ. ಬಿಸಿ ಗಾಳಿ ಸೋಸಿದ್ರ ಉಪಯೋಗಿಲ್ಲ. ಮೊದಲ ತಣ್ಣಗ ಮಾಡಬೇಕು, ಆಮ್ಯಾಗ ಸೋಸಬೇಕು, ಆಮ್ಯಾಗ ಒಣಗಿಸಬೇಕು. ಚಹಾದ ಪಾತ್ರಿ ನೋಡ್ರಿ, ತಿಳೀತೈತಿ. ಇಪ್ಪತ್ತ ಫೂಟ ಪೈಪ ಹಾಕೀನಿ. ಹೋದ ಸಲ ಆ ಹುಡುಗ ನಳಾ ತಗದಿರಲಿಲ್ಲ, ಅದಕ್ಕ ಕೆಟ್ಟಿತ್ತು."

ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದಿರಿ. ನನ್ನ ಚಹಾದ ಪಾತ್ರೆ, ನನ್ನ ಇಪ್ಪತ್ತು ಫೂಟು, ಆಮೇಲೆ ಆ ಸುಳ್ಳು. ಹೇಳಿ ಮುಗಿಸಿ ತಿರುಗಿದಾಗ ನಾನು ನಿಮ್ಮ ಕಣ್ಣಿಗೆ ಬಿದ್ದೆ. ನನ್ನ ಕಡೆಗೆ ಬಂದಿರಿ. ಹೇಳುತ್ತೀರಿ ಎಂದುಕೊಂಡೆ.

"ಚಹಾ ಕುಡದೇನು?" ಅಂದಿರಿ.

ಕುಡಿದೆ. ಇಲ್ಲ ಎನ್ನಲೂ ನನಗೆ ಬರಲಿಲ್ಲ. ಯಾರೋ ಹಿಂದಿನಿಂದ "ನೀರಪ್ಪ ಬಂದಾನ, ಟಾಕಿ ನೋಡ್ಕೊರ್ಯೋ" ಎಂದರು. ನೀವೂ ನಕ್ಕಿರಿ. ಜೋರಾಗಿ ಅಲ್ಲ. ಆದರೆ ನಕ್ಕಿರಿ.

ಪೈಪಿನ ಮಾತು ನಿಮ್ಮದೇ ಇರಲಿ ಕಾಕಾ, ನನಗೆ ಅದು ಬೇಡ. ನಾಲ್ಕು ವರ್ಷ ನಿಮ್ಮಿಂದ ಕಲಿತವನು, ಅದು ನಿಮ್ಮದೇ ಎಂದರೂ ತಪ್ಪಿಲ್ಲ. ಆದರೆ ಬಿಸಿ ಗಾಳಿಯ ಮಾತು ನಿಮಗೆ ತಿಳಿದಿದೆ ಎಂದ ಮೇಲೆ, ಆ ನೀರು ಎಲ್ಲಿಂದ ಬಂತು ಎಂಬುದೂ ತಿಳಿದಿದೆ. ತಿಳಿದೂ ಹೇಳಿದಿರಿ. ಜೂನಿನಲ್ಲಿ ನೀವು ತಿಳಿಯದೆ ಹೇಳಿದ್ದಿರಿ. ಅದನ್ನು ನಾನು ಇಷ್ಟು ತಿಂಗಳು ಹೊತ್ತುಕೊಂಡೆ. ಇದನ್ನು ಹೊರಲಾರೆ.

ಇನ್ನು ನಿಮಗೆ ಬರೆಯುವುದಿಲ್ಲ.

ಕಲ್ಲಯ್ಯ


ಬೆಳಗಾವಿ
೧೧ ಡಿಸೆಂಬರ್ ೧೯೮೮

ಕಲ್ಲಯ್ಯ,

ನಿನ್ನ ಕಾಗದವನ್ನು ಅಬ್ಬಾಗೆ ಅರ್ಧ ಓದಿದೆ. ಚಹಾದ ಮಾತಿನ ತನಕ. ಅಲ್ಲಿಗೆ "ಸಾಕು" ಎಂದರು.

ಇನ್ನು ನಾನು ಬರೆಯುವುದನ್ನು ಓದಿ ನೀನು ನನ್ನನ್ನು ಏನು ಬೇಕಾದರೂ ಅನ್ನು. ಜೂನಿನ ಆ ರವಿವಾರ ಬೆಳಿಗ್ಗೆ ನಾನು ಸ್ಟೋವಿಗೆ ಪಂಪು ಹೊಡೆಯುತ್ತಿದ್ದೆ. ಶೆಡ್ಡಿನಿಂದ ಸುಯ್ ಎಂದು ಗಾಳಿ ಹೋಗುವ ಸಪ್ಪಳ ಕೇಳಿತು. ಕಿಟಕಿಯಿಂದ ನೋಡಿದೆ. ನೀನು ಟ್ಯಾಂಕಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ನಿನ್ನ ಅಂಗಿಗೆ ಸಿಡಿದ ನೀರನ್ನು ನೀನು ಒರೆಸಿಕೊಂಡೆ. ನೀನು ನಳ ತೆರೆದದ್ದನ್ನು ನಾನು ನೋಡಿದ್ದೆ.

ಅಬ್ಬಾ ನಿನ್ನನ್ನು ಅನ್ನುವಾಗ ನಾನು ಬಾಗಿಲಿನಲ್ಲೇ ಇದ್ದೆ. ಅಷ್ಟು ಗಂಡಸರ ಮುಂದೆ ತಂದೆಯ ಮಾತನ್ನು ಹೇಗೆ ಕತ್ತರಿಸಲಿ ಎಂದು ಸುಮ್ಮನಾದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಅವರು ಅಮ್ಮಿಯ ಫೋಟೋದ ಮುಂದೆ ಕುಳಿತಿದ್ದರು. ನಾಳೆ ಎಂದುಕೊಂಡೆ. ನಾಳೆ ನೀನೇ ಬರಲಿಲ್ಲ. ಆಮೇಲೆ ದಿನ ಕಳೆದಷ್ಟೂ ಮಾತು ಭಾರವಾಯಿತು. ನಿನ್ನ ಕಾಗದಗಳನ್ನು ಗಟ್ಟಿಯಾಗಿ ಓದುವಾಗ ನನ್ನ ಧ್ವನಿ ನನಗೇ ಕೇಳಲಾಗುತ್ತಿರಲಿಲ್ಲ.

ನಿನ್ನೆ ಅಬ್ಬಾಗೆ ಹೇಳಿದೆ. "ನಾ ನೋಡೀನಿ ಅಬ್ಬಾ. ಅಂವ ತಗದಿದ್ದ."

ಅವರು ಹಂಚಿನ ಮೇಲೆ ಹರಳು ತಿರುವುತ್ತಿದ್ದರು. ತಲೆ ಎತ್ತಲಿಲ್ಲ. "ನಂಗ ಗೊತ್ತೈತಿ" ಅಂದರು.

"ಯಾವಾಗಿಂದ?"

"ಲೋಟದ ಕಾಗದಾ ಬಂದಾಗಿಂದ."

"ಹಂಗಾರ ಯಾಕ ಹೇಳವಲ್ಲಿ?"

"ಮಂದಿ ಮುಂದ ಆಡಿದ ಮಾತು ಫಕ್ರೂ. ಅರವತ್ತ ವರ್ಷದಂವ ನಾ. ಹ್ಯಾಂಗ ತಿರಗಿ ತಗೊಳ್ಳಿ? ಅಂವ ಸಣ್ಣಾಂವ ಅದಾನ. ಮರೀತಾನ."

ಇದನ್ನು ನಿನಗೆ ಬರೆಯಬಾರದಿತ್ತೇನೋ. ಬರೆಯದೆ ಇರಲು ಆಗಲಿಲ್ಲ. ನೀನು ನನ್ನನ್ನು ಅಕ್ಕ ಎಂದು ಕರೆದದ್ದಕ್ಕೆ ನಾನು ಯೋಗ್ಯಳಲ್ಲ.

ಫಕ್ರುನ್ನಿಸಾ


ಖಾನಾಪುರ
೨೪ ಜುಲೈ ೧೯೮೯

ಫಕ್ರುನ್ನಿಸಾ ಅಕ್ಕನವರಿಗೆ ಕಲ್ಲಯ್ಯನ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಏಳು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ನೀವು ಕಿಟಕಿಯಲ್ಲಿ ಇದ್ದಿರಿ ಎಂಬುದು ಕಾಕಾ ಅವರ ಮಾತಿಗಿಂತ ಹೆಚ್ಚು ಚುಚ್ಚಿತು. ಇವತ್ತೂ ಅದು ಹೋಗಿಲ್ಲ. ಅಕ್ಕ ಎಂದು ಬರೆದದ್ದು ರೂಢಿಯಿಂದ.

ಆದರೆ ಇಲ್ಲಿ ಒಂದು ನಡೆದಿದೆ. ಅದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಈ ತಿಂಗಳ ಹದಿಮೂರಕ್ಕೆ ಮದುವೆಯ ಮನೆಗೆ ಹೋಗಬೇಕಿದ್ದ ಒಂದು ಕಪಾಟಿಗೆ ಬಣ್ಣ ಹೊಡೆದೆ. ಬಾಗಿಲಿನ ತುಂಬ ಗುಳ್ಳೆ ಎದ್ದಿತು. ಕೊಂಡವರು ಎದುರಿಗೇ ನಿಂತಿದ್ದರು. ಹೆಣ್ಣಿನ ತಾಯಿ ಬಾಗಿಲ ಮೇಲೆ ಕೈ ಆಡಿಸಿ, "ಸಿಡಬ ಎದ್ದ ಮಾರಿ ಆಗೈತಲ್ರಿ ಇದು" ಎಂದಳು. ಗುರುಪುತ್ರಪ್ಪನವರು ನನ್ನನ್ನು ನೋಡಿದರು. ನನ್ನ ಬಾಯಿಗೆ ಒಮ್ಮೆಯೂ ಬಾರದ ಮಾತು ಆಗ ಎಲ್ಲಿಂದ ಬಂತೋ.

"ಕಾಶವ್ವಾ, ನಳಾ ತಗದಿಲ್ಲ ನೀ!" ಎಂದು ಕೂಗಿದೆ.

"ತಗದೀನ್ರಿ."

"ಸುಳ್ಳ ಹೇಳಬ್ಯಾಡ. ಹಂಗಾರ ಈ ನೀರ ಎಲ್ಲಿಂದ ಬಂತು?"

"ತಗದೀನ್ರಿ ಕಲ್ಲಯ್ಯಾ. ನನ್ನ ಮಕ್ಕಳಾಣಿ ತಗದೀನಿ."

ಅವಳು ನನ್ನಂತೆ ಸುಮ್ಮನೆ ನಿಲ್ಲಲಿಲ್ಲ. ಹೇಳಿದಳು, ಆಣೆ ಇಟ್ಟಳು. ಆದರೂ ಯಾರೂ ನಂಬಲಿಲ್ಲ. ಮಾತಾಡಿದ್ದರೆ ಉಳಿಯುತ್ತಿದ್ದೆ ಎಂದು ನಾನು ಒಂದು ವರ್ಷ ಕೊರಗಿದ್ದು ಸುಳ್ಳು ಎಂದು ಅಂದು ತಿಳಿಯಿತು. ಅವಳು ಪಾಲಿಶ್ ಕಾಗದವನ್ನು ಕೆಳಗಿಟ್ಟು, ಕೈ ಝಾಡಿಸಿಕೊಂಡು ಹೋದಳು. ಮರುದಿನ ಬರಲಿಲ್ಲ.

ಅವಳು ಹೋದ ಮೇಲೆ ಹರಳಿನ ಪೈಪು ಬಿಚ್ಚಿದೆ. ಹರಳು ಪೂರ್ತಿ ಗುಲಾಬಿಯಾಗಿತ್ತು. ಹುರಿದು ಒಂಬತ್ತು ದಿನವಾಗಿತ್ತು. ಮಳೆ ಹಿಡಿದಿತ್ತು, ಸೀಮೆಎಣ್ಣೆ ಸಿಕ್ಕಿರಲಿಲ್ಲ, ಇನ್ನೊಂದು ದಿನ ನಡೆಯುತ್ತದೆ ಎಂದು ಬಿಟ್ಟಿದ್ದೆ. ಹರಳಿನ ಕೆಲಸ ನನ್ನದು. ನನ್ನೊಬ್ಬನದು.

ಯಾರಿಗೂ ಹೇಳಲಿಲ್ಲ. ಹರಳನ್ನು ಮನೆಗೆ ಒಯ್ದು ಬಾಗಿಲು ಹಾಕಿಕೊಂಡು ಹುರಿದೆ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಗುರುಪುತ್ರಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟು, "ಇನ್ನ ಮ್ಯಾಲೆ ನಳಾನೂ ನೀನ ನೋಡ್ಕೊ. ಆಕಿನ್ನ ನಂಬಿ ಕೆಟ್ಟೆ" ಎಂದರು. ಒಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಹೀಗೆ ಬಂತು. "ಹೂಂರಿ" ಎಂದೆ. ಆದರೆ ನಳಕ್ಕೆ ನನ್ನ ಕೈ ಹೋಗಲಿಲ್ಲ. ಗುರುಪುತ್ರಪ್ಪನವರ ಅಳಿಯನಿಂದ ತೆರೆಸುತ್ತಿದ್ದೆ, ಕೈಗೆ ಬಣ್ಣ ಹತ್ತಿದೆ ಎಂದು ನೆಪ ಹೇಳಿ.

ಹನ್ನೊಂದು ದಿನ ಹೀಗೆ ಕಳೆದೆ, ಅಕ್ಕ. ಮರೆಯುತ್ತಾಳೆ ಎಂದುಕೊಂಡೆ. ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ ಎಂದುಕೊಂಡೆ. ಕಾಕಾ ಅವರು ಹಂಚಿನ ಮುಂದೆ ಕುಳಿತು ತಲೆ ಎತ್ತದೆ ಆಡಿದ ಮಾತುಗಳನ್ನು ಒಂದೊಂದಾಗಿ ನಾನೂ ಆಡಿಕೊಂಡೆ. ಅವರಿಗೆ ಅರವತ್ತು ವರ್ಷ ಎಂಬ ನೆಪವಿತ್ತು. ನನಗೆ ಅದೂ ಇಲ್ಲ. ಇದರಿಂದ ಅವರನ್ನು ಕ್ಷಮಿಸಿದೆ ಎಂದು ತಿಳಿಯಬೇಡಿರಿ. ಎಷ್ಟು ಸಣ್ಣ ಮಾತನ್ನು ಅವರು ನನಗೆ ಕೊಡಲಿಲ್ಲ ಎಂಬುದು ಈಗ ಮೊದಲಿಗಿಂತ ಚೆನ್ನಾಗಿ ಗೊತ್ತು.

ಇದನ್ನು ಅವರಿಗೆ ಓದಿ ಹೇಳಿರಿ, ಇಲ್ಲವೇ ಬಿಡಿರಿ. ಈ ಸಲ ನಿಮಗೆ ಬಿಟ್ಟದ್ದು.

ಇವತ್ತು ಬೆಳಿಗ್ಗೆ ಕಾಶವ್ವನ ಓಣಿಗೆ ಹೋದೆ. ಓಣಿಯ ನಳದ ಮುಂದೆ ಹೆಂಗಸರು ಕೊಡ ಇಟ್ಟು ಪಾಳಿ ಹಚ್ಚಿದ್ದರು. ಕಾಶವ್ವನ ಪಾಳಿ ಬಂದು ಅವಳ ಕೊಡ ನಳದ ಕೆಳಗಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದಳು. ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಒಬ್ಬ ಹುಡುಗಿ ನಕ್ಕಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕಾಶವ್ವ ನಳಾ ತಗದಿದ್ಲು. ತಪ್ಪು ನಂದು. ನಾ ಹರಳ ಹುರದಿರಲಿಲ್ಲ. ಸುಳ್ಳ ಹೇಳಿದಾಂವ ನಾ."

ಅವಳ ಕೊಡ ತುಂಬಿ ಹರಿಯುತ್ತಿತ್ತು. ಅವಳು ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಇಷ್ಟ ಹೇಳಾಕ ಹನ್ನೊಂದ ದಿನಾ ಬೇಕಾತೇನ್ರಿ?" ಎಂದಳು. ಮನೆಯ ಕಡೆ ನಡೆದಳು.

ಅಲ್ಲಿಂದ ಕಾರ್ಖಾನೆಗೆ ಬಂದು ಗುರುಪುತ್ರಪ್ಪನವರಿಗೂ ಹೇಳಿದೆ. ಅವರು ಕೇಳಿಸಿಕೊಂಡು ಒಳಗೆ ಹೋದರು. ಕಾಶವ್ವ ಬರಬಹುದು ಎಂದು ಒಂಬತ್ತು ಗಂಟೆಯ ತನಕ ಬಾಗಿಲ ಕಡೆ ನೋಡಿದೆ. ಆಮೇಲೆ ಟ್ಯಾಂಕಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ನಳ ನಾನೇ ತೆರೆದೆ. ನೀರು ಹೋಗಿ ಬರೀ ಗಾಳಿ ಬರುವ ತನಕ ತೆರೆದಿಟ್ಟು, ಮುಚ್ಚಿದೆ.

ಕಲ್ಲಯ್ಯ